ತಾನಾಗಿ ನಿಲ್ಲುವ ನೀರು

ಕೋಲಾರದ ಪೇಟೆಯಲ್ಲಿ ಬೆಲ್ಲದ ಮಂಡಿ ಇಟ್ಟಿದ್ದ ಆವಲಪ್ಪನವರ ಮನೆಗೆ ಕೊಳಾಯಿ ನೀರು ಬರುತ್ತಿದ್ದದ್ದು ಕೋಳಿ ಕೂಗುವುದಕ್ಕೂ ಮುಂಚೆ. ಬಚ್ಚಲುಮನೆಯ ಮೇಲೆ ಇಟ್ಟಿಗೆ ಗಾರೆಯಲ್ಲಿ ಕಟ್ಟಿಸಿದ ತೊಟ್ಟಿ. ಗೋಡೆಗುಂಟ ಹತ್ತಿದ ಕಬ್ಬಿಣದ ಕೊಳವೆ ಅದರೊಳಕ್ಕೆ ನೀರು ಸುರಿಯುತ್ತಿತ್ತು. ತೊಟ್ಟಿ ತುಂಬುವ ಹೊತ್ತಿಗೆ ಯಾರಾದರೂ ಎಚ್ಚರವಿದ್ದು ಕೆಳಗಿನ ತಿರುಪನ್ನು ತಿರುಗಿಸಿ ನಿಲ್ಲಿಸಬೇಕು. ಇಲ್ಲದಿದ್ದರೆ ಉಕ್ಕಿದ ನೀರು ಗೋಡೆ ಇಳಿದು ಪಕ್ಕದ ಉಗ್ರಾಣಕ್ಕೆ ನುಗ್ಗುತ್ತಿತ್ತು. ಅಲ್ಲಿದ್ದದ್ದು ಬೆಲ್ಲದ ಮೂಟೆಗಳು. ಕೊಳಾಯಿ ಹಾಕಿಸಿದ ಹೊಸದರಲ್ಲಿ ಒಂದು ಬೆಳಿಗ್ಗೆ ಹಾಗಾಗಿ, ಕರಗಿದ ಬೆಲ್ಲ ಅಂಗಳದವರೆಗೂ ಹರಿದು ಬಂದಿತ್ತು. ಅವತ್ತಿನಿಂದ ನೀರು ಕಾಯುವ ಕೆಲಸ ಹಿರಿಯ ಮಗಳು ಕದಿರಮ್ಮನ ಪಾಲಿಗೆ ಬಂತು.

ಆವಲಪ್ಪನವರಿಗೆ ಗಂಡುಮಕ್ಕಳಿರಲಿಲ್ಲ. ಕದಿರಮ್ಮನನ್ನು ರಾಯಲ್ಪಾಡಿನ ಕೋದಂಡರಾಮಪ್ಪನಿಗೆ ಕೊಟ್ಟು ಅವನನ್ನು ಮನೆ ಅಳಿಯನನ್ನಾಗಿ ತಂದುಕೊಂಡಿದ್ದರು. ಅವನು ಕಡೆಯ ಮಗ. ಊರು ಬಿಟ್ಟು ಬಂದ ಮೇಲೆ ಮಾವಿನ ತೋಪು, ಹೊಲ ಎಲ್ಲವನ್ನೂ ಅಣ್ಣಂದಿರೇ ಹಂಚಿಕೊಂಡರು. ಅವನೂ ಕೇಳಲಿಲ್ಲ. ಕೋಲಾರಕ್ಕೆ ಬಂದ ದಿನದಿಂದ ಮಂಡಿಯಲ್ಲಿ ತೂಕಕ್ಕೆ ನಿಂತ, ಹಸು ನೋಡಿಕೊಂಡ, ಮಾವ ಹೇಳಿದ ಊರಿಗೆಲ್ಲ ಬೆಲ್ಲ ಕೊಳ್ಳಲು ಹೋಗಿ ಬಂದ. ಮಾತು ಕಡಿಮೆ. ಕನ್ನಡ ಆಡುವಾಗ ನಡುನಡುವೆ ತೆಲುಗು ಬಂದುಬಿಡುತ್ತಿತ್ತು. ಮಂಡಿಯವರು ನಗುತ್ತಾರೆಂದು ಅದಕ್ಕೇ ಇನ್ನಷ್ಟು ಕಡಿಮೆ ಮಾಡಿದ್ದ.

ಹಗಲೆಲ್ಲ ಬರುವವರು ಹೋಗುವವರಿಂದ ಗಿಜಿಗುಟ್ಟುವ ಮನೆ ಅದು. ಗಂಡ ಹೆಂಡತಿ ಎದುರೆದುರು ನಿಂತು ಎರಡು ಮಾತಾಡುವುದಕ್ಕೂ ಜಾಗವಿರಲಿಲ್ಲ. ಹಾಗಾಗಿ ಕದಿರಮ್ಮ ನೀರಿಗೆ ಎದ್ದಾಗ ಕೋದಂಡರಾಮಪ್ಪನೂ ಏಳುತ್ತಿದ್ದ. ಅವಳು ಹಂಡೆಯ ಒಲೆಗೆ ಉರಿ ಮಾಡುತ್ತಿದ್ದಳು, ಅವನು ಬಚ್ಚಲ ಮೆಟ್ಟಿಲ ಮೇಲೆ ಕೂರುತ್ತಿದ್ದ. ಮೇಲೆ ತೊಟ್ಟಿ ತುಂಬುವ ಸದ್ದು. ಇಬ್ಬರೂ ತೆಲುಗಿನಲ್ಲೇ ಮಾತಾಡುತ್ತಿದ್ದರು. ದೊಡ್ಡ ವಿಷಯಗಳೇನಲ್ಲ: ಹಸು ಒದ್ದದ್ದು, ಅತ್ತೆಯ ಮಂಡಿನೋವು, ತಂಗಿ ಶ್ಯಾಮಲಳಿಗೆ ಇಸ್ಕೂಲಿನಲ್ಲಿ ಬಹುಮಾನ ಬಂದದ್ದು. ತಿರುಪು ತಿರುಗಿಸಿದ ಮೇಲೆ ಅವಳು ಕಸಬರಿಕೆ ಹಿಡಿದು ಅಂಗಳಕ್ಕೆ ಹೋಗುತ್ತಿದ್ದಳು, ಅವನು ಕೊಟ್ಟಿಗೆಗೆ.

ಎರಡನೆಯ ಮಹಾಯುದ್ಧ ಶುರುವಾಗುವುದಕ್ಕೆ ಎರಡು ವರ್ಷ ಮುಂಚೆ ಕದಿರಮ್ಮನಿಗೆ ವಿಷಮಶೀತ ಜ್ವರ ಬಂತು. ಏಳಲಿಲ್ಲ. ಮಕ್ಕಳಿರಲಿಲ್ಲ. ಹನ್ನೊಂದನೆಯ ದಿನದ ಕಾರ್ಯ ಮುಗಿದ ಮರುದಿನ ಬೆಳಗಿನ ಜಾವ ಕೊಳವೆಯಲ್ಲಿ ನೀರು ಗೊರಗುಟ್ಟಿದಾಗ ಕೋದಂಡರಾಮಪ್ಪ ಒಬ್ಬನೇ ಎದ್ದು ಹೋಗಿ ಮೆಟ್ಟಿಲ ಮೇಲೆ ಕೂತ. ನೀರು ಕಾಯುವವರು ಯಾರೆಂದು ಮನೆಯಲ್ಲಿ ಯಾರೂ ಕೇಳಬೇಕಾಗಲಿಲ್ಲ.

ವರುಷದ ತಿಥಿ ಮುಗಿದ ವಾರಕ್ಕೆ, ಮಧ್ಯಾಹ್ನ ಉಣ್ಣುತ್ತ ಕೂತಾಗ ಆವಲಪ್ಪನವರು ಮಾತು ತೆಗೆದರು. ಶ್ಯಾಮಲಮ್ಮ ಸೊಪ್ಪಿನ ಸಾರು ಬಡಿಸುತ್ತಿದ್ದಳು.

"ಶ್ಯಾಮಲನ್ನ ಕೋದಂಡಂಗೇ ಕೊಟ್ಬಿಡೋಣ ಅಂತಿದ್ದೀನಿ. ಮನೆ ಮನೆಯಾಗೇ ಇರ್ತದೆ," ಎಂದು ಮುದ್ದೆ ಮುರಿದರು.

ಅವರ ಹೆಂಡತಿ ವೆಂಕಟರತ್ನಮ್ಮ ಬಾಗಿಲ ಪಕ್ಕ ಕೂತಿದ್ದರು. "ಮಗೂನ ಒಂದು ಮಾತು ಕೇಳಬಾರ್ದಾ," ಎಂದರು.

"ಏನು ಕೇಳೋದು? ಹೊರಗಿನೋನು ಬಂದು ಇವನಂಗೆ ದುಡೀತಾನಾ? ಇನ್ನೇನು ಚೆನ್ನಾಗಿರೋ ತಿಂಗಳು ನೋಡಿ ಮಾಡಿ ಮುಗಿಸೋದು."

ಸಾರಿನ ಸೌಟು ಕೋದಂಡರಾಮಪ್ಪನ ತಟ್ಟೆಯ ಮೇಲೆ ಬಂದು ನಿಂತಿತ್ತು. ಅವನು ತಲೆ ಎತ್ತಲಿಲ್ಲ. ಶ್ಯಾಮಲಮ್ಮ ಸಾರು ಹಾಕಿ ಒಳಗೆ ಹೋದಳು. ಹೆಂಡತಿ ಸತ್ತರೆ ಅವಳ ತಂಗಿಯನ್ನೇ ತರುವುದು ಆ ಕಡೆ ಹೊಸದಲ್ಲ. ಊರಿನಲ್ಲಿ ಕೇಳಿದ್ದರೆ ಎಲ್ಲರೂ ಸರಿ ಎಂದೇ ಹೇಳುತ್ತಿದ್ದರು. ಹಾಗಾಗಿ ಅವನ ಒಪ್ಪಿಗೆಯನ್ನೂ ಯಾರೂ ಕೇಳಲಿಲ್ಲ. ಎದ್ದು ಕೈ ತೊಳೆದು ಮಂಡಿಗೆ ಹೋದ.

ಅವನು ಈ ಮನೆಗೆ ಬಂದಾಗ ಶ್ಯಾಮಲ ಏಳು ವರ್ಷದ ಹುಡುಗಿ. ಅಂತರಗಂಗೆ ಬೆಟ್ಟಕ್ಕೆ ಹೋದಾಗ ಅವಳಿಗೆ ಕಾಲು ನೋವೆಂದು ಹೆಗಲ ಮೇಲೆ ಕೂರಿಸಿಕೊಂಡು ಮೆಟ್ಟಿಲು ಹತ್ತಿದ್ದ. ಸಂಜೆ ಅವನು ಮಂಡಿಯಿಂದ ಬಂದ ಕೂಡಲೇ ಅವಳು 'ಭಾವ, ಭಾವ' ಎಂದು ಹಿಂದೆ ಬಿದ್ದು ಇಸ್ಕೂಲಿನ ಕಥೆಯನ್ನೆಲ್ಲ ಒಪ್ಪಿಸುತ್ತಿದ್ದಳು. ಈಗ ಹದಿನೇಳು. ಅಕ್ಕ ಹೋದ ಮೇಲೆ ಆ ಮನೆಯಲ್ಲಿ ಅವನನ್ನು ಕೂಗಿ ಮಾತಾಡಿಸುತ್ತಿದ್ದವಳು ಅವಳೊಬ್ಬಳೇ.

ಅವತ್ತಿನ ಊಟದ ನಂತರ ಆ ಕೂಗೂ ನಿಂತಿತು. ಅವನು ಬಂದರೆ ಅವಳು ಪಡಸಾಲೆಯಿಂದ ಎದ್ದು ಹೋಗುತ್ತಿದ್ದಳು. ತಟ್ಟೆ ಇಟ್ಟು ಗೋಡೆಯ ಕಡೆ ತಿರುಗಿ ನಿಲ್ಲುತ್ತಿದ್ದಳು. ಅಮ್ಮನ ಹತ್ತಿರ 'ಅವರು ಬಂದರು', 'ಅವರಿಗೆ ಮಜ್ಜಿಗೆ ಬೇಕಂತೆ' ಎನ್ನುತ್ತಿದ್ದಳು. ಭಾವ ಎಂಬ ಮಾತು ಬಾಯಿಂದ ಬರುತ್ತಿರಲಿಲ್ಲ. ಹದಿನೈದು ದಿನ ಹೀಗೇ ಹೋಯಿತು. ಕೋದಂಡರಾಮಪ್ಪ ಬೇಗ ಉಂಡು ಬೇಗ ಹೊರಗೆ ಹೋಗುವುದನ್ನು ಅಭ್ಯಾಸ ಮಾಡಿಕೊಂಡ.

ಒಂದು ಮಧ್ಯಾಹ್ನ ಹಸುವಿಗೆ ಹುಲ್ಲು ಹಾಕಲು ಬಂದವನಿಗೆ ಅಡುಗೆಮನೆಯಲ್ಲಿ ತಾಯಿ ಮಗಳ ಮಾತು ಕೇಳಿಸಿತು. ಇಬ್ಬರೂ ಮೊರದಲ್ಲಿ ಅಕ್ಕಿಯ ಕಲ್ಲು ಆರಿಸುತ್ತಿದ್ದರು.

"ಅಕ್ಕನ ಮಂಚದ ಮೇಲೆ ಹೋಗಿ ಮಲಗು ಅಂತೀಯಾ ನನ್ನ?"

"ಮೆಲ್ಲಗೆ ಮಾತಾಡೇ."

"ಅವರಿಗೂ ಇದು ಬೇಕಾಗಿಲ್ಲ ಕಣಮ್ಮ. ಮುಖ ನೋಡಿದ್ರೆ ಗೊತ್ತಾಗಲ್ವ?"

"ಬೇಡ ಅಂದ್ರೆ ಅವನೆಲ್ಲಿಗೆ ಹೋಗ್ತಾನೆ, ಅದನ್ನ ಯೋಚನೆ ಮಾಡಿದ್ದೀಯಾ?"

ಅಕ್ಕಿ ಮೊರದಲ್ಲಿ ಸರಿದಾಡುವ ಸದ್ದು ಮಾತ್ರ ಕೇಳಿಸುತ್ತಿತ್ತು. ಕೋದಂಡರಾಮಪ್ಪ ಹುಲ್ಲಿನ ಹೊರೆ ಹಿಡಿದುಕೊಂಡು ನಿಂತೇ ಇದ್ದ.

ಮಾವನಿಗೆ ಶ್ರೀನಿವಾಸಪುರದ ಕಡೆ ಬೆಲ್ಲದ ಕೆಲಸವಿದೆಯೆಂದು ಹೇಳಿ ಅವನು ರಾಯಲ್ಪಾಡಿಗೆ ಹೋದ. ಮಾವು ಹೂ ಬಿಟ್ಟಿದ್ದ ಕಾಲ. ಊರೊಳಗೆ ಎದುರಾದವರೆಲ್ಲ ಯಾವಾಗ ಬಂದಿರಿ ಎಂದು ತೆಲುಗಿನಲ್ಲಿ ಬಹುವಚನ ಹಚ್ಚಿ ಕೇಳಿದರು. ಅವನ ಜೊತೆ ದನ ಕಾಯ್ದವರೂ ಹಾಗೇ ಕೇಳಿದರು. ದೊಡ್ಡಣ್ಣ ಅಪ್ಪಾಜಪ್ಪ ತಬ್ಬಿಕೊಂಡ. ಅತ್ತಿಗೆ ನಾಟಿ ಕೋಳಿ ಕೊಯ್ಯಿಸಿ ಸಾರು ಮಾಡಿ, ಮನೆಯಲ್ಲಿದ್ದ ಒಳ್ಳೆಯ ಚಾಪೆ ಹಾಕಿಸಿದಳು. ಮರುದಿನವೂ ಅದೇ ಆದರ. ಮೂರನೆಯ ದಿನ ಬಡಿಸುತ್ತ, ಮಂಡಿಯನ್ನು ಇಷ್ಟು ದಿನ ಬಿಟ್ಟು ಇರುವುದಕ್ಕೆ ಮಾವನವರು ಒಪ್ಪುತ್ತಾರಾ ಎಂದು ಕೇಳಿದಳು. ಕೇಳಿದ ರೀತಿಯಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಅಣ್ಣನ ಮೂವರು ಗಂಡುಮಕ್ಕಳು ಒಂದೇ ಕೋಣೆಯಲ್ಲಿ ಒತ್ತರಿಸಿಕೊಂಡು ಮಲಗುವುದನ್ನು ಅವನು ನೋಡಿದ್ದ. ಅಲ್ಲೇ ಬಂದು ಇರುವ ಮಾತನ್ನು ಎತ್ತದೆಯೇ ಮಧ್ಯಾಹ್ನದ ಗಾಡಿಗೆ ಹೊರಟ.

ಕೋಲಾರಕ್ಕೆ ಬಂದ ಮರುದಿನ ಶ್ಯಾಮಲಮ್ಮ ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಅವನಿಗಾಗಿ ಕಾದಿದ್ದಳು. ಕೈಯಲ್ಲಿ ಹಿಂಡಿದ ಪಂಚೆ ಇತ್ತು.

"ಭಾವ," ಎಂದಳು. ಎಷ್ಟೋ ದಿನದ ಮೇಲೆ. "ನಾನು ಬೇಡ ಅಂದ್ರೆ ಅಪ್ಪ ಕೇಳಲ್ಲ. ನೀವು ಅಂದ್ರೆ ಕೇಳ್ತಾರೆ."

ಅವನು ಅವಳ ಮುಖ ನೋಡಿದ. ಅತ್ತು ಅತ್ತು ಕಣ್ಣು ಊದಿದ್ದವು.

"ಆಗ್ಲಮ್ಮ," ಎಂದ.

ಅವಳು ಇನ್ನೇನೋ ಹೇಳಲು ಬಾಯಿ ತೆರೆದಳು. ನೀವು ಎಲ್ಲಿಗೆ ಹೋಗ್ತೀರಿ ಎಂದು ಕೇಳಬೇಕೆಂದಿದ್ದಳೋ ಏನೋ. ಅಷ್ಟರಲ್ಲಿ ಅಮ್ಮ ಒಳಗಿಂದ ಕೂಗಿದರು. ಪಂಚೆಯನ್ನು ಹಗ್ಗದ ಮೇಲೆ ಹಾಕಿ ಓಡಿದಳು.

ಅವನು ಮಂಡಿಯಲ್ಲಿ ಗಿರಾಕಿಗಳು ತೆರಳುವವರೆಗೂ ಕಾದ. ಆವಲಪ್ಪನವರು ದಿಂಬಿಗೆ ಒರಗಿ ಅಡಿಕೆ ಕತ್ತರಿಸುತ್ತಿದ್ದರು. ತನಗೆ ಎರಡನೆಯ ಮದುವೆ ಬೇಡವೆಂದು, ಶ್ಯಾಮಲ ತನ್ನ ಕೈಯಲ್ಲಿ ಬೆಳೆದ ಹುಡುಗಿಯೆಂದು, ಅವಳಿಗೆ ಬೇರೆ ಒಳ್ಳೆಯ ಕಡೆ ನೋಡಬೇಕೆಂದು ತಡವರಿಸುತ್ತ ಹೇಳಿದ. ಆವಲಪ್ಪನವರು ಮೊದಲು ನಕ್ಕರು. ನಾಚಿಕೆ ಎಂದುಕೊಂಡಿದ್ದರು. ಅಲ್ಲವೆಂದು ತಿಳಿದ ಮೇಲೆ ಅಡಕತ್ತರಿ ಕೆಳಗಿಟ್ಟರು.

"ನಾಳೆ ಆ ಹುಡುಗೀಗೆ ಇನ್ನೊಬ್ಬ ಗಂಡ ಬರ್ತಾನೆ. ಈ ಮನೆ ಅಳಿಯ ಅಂದ್ರೆ ಅವನು. ಆಗ ನೀನು ಇಲ್ಲಿ ಯಾರಯ್ಯ?"

"ಹೋಗ್ತೀನಿ ಮಾವ."

"ಹೋಗ್ತಾನಂತೆ." ಮುದುಕರು ಕತ್ತರಿಸಿದ್ದ ಅಡಿಕೆಯನ್ನು ಪಕ್ಕಕ್ಕೆ ತಳ್ಳಿದರು. "ಒಬ್ಬಳು ಹಂಗೆ ಹೋದಳು. ನೀನು ಹಿಂಗೆ ಹೋಗು. ಬೆಳಗಿನ ಜಾವ ಎದ್ದು ಆ ನೀರು ನಿಲ್ಲಿಸೋರು ಯಾರು ಹೇಳು? ನಾನು ಏಳ್ಲಾ? ನಿಮ್ಮತ್ತೆ ಆ ಮಂಡಿ ಹಿಡ್ಕೊಂಡು ಏಳ್ತಾಳಾ?"

ಕೋದಂಡರಾಮಪ್ಪನಿಗೆ ಬೇರೆ ಯಾವ ಮಾತಿಗೂ ಉತ್ತರ ಹೊಳೆಯಲಿಲ್ಲ. ಇದೊಂದಕ್ಕೆ ಹೊಳೆಯಿತು.

ಪುರಸಭೆಯ ಕೊಳಾಯಿ ರಿಪೇರಿ ಮಾಡುತ್ತಿದ್ದ ಮುನಿಶಾಮಿ ಅವನಿಗೆ ಪರಿಚಯ. ತೊಟ್ಟಿ ತುಂಬಿದರೆ ತಾನೇ ನೀರು ನಿಲ್ಲಿಸುವ ಒಂದು ಸಾಮಾನು ಇದೆಯೆಂದು, ದೊಡ್ಡ ಅಧಿಕಾರಿಗಳ ಬಂಗಲೆಗೆ ತಾನೇ ಹಾಕಿದ್ದೇನೆಂದು ಅವನು ಹಿಂದೊಮ್ಮೆ ಹೇಳಿದ್ದ. ಬಾಲ್ ವಾಲ್ವು ಎನ್ನುತ್ತಾರೆ. ಬೆಂಗಳೂರಿಗೆ ಹೋಗುವ ಬಸ್ಸಿನವನ ಕೈಯಲ್ಲಿ ಹೇಳಿ ಕಳಿಸಿ ಕೋದಂಡರಾಮಪ್ಪ ಅದನ್ನು ತರಿಸಿದ. ಹಿತ್ತಾಳೆಯದೊಂದು ನಲ್ಲಿ, ಅದರಿಂದ ಚಾಚಿದ ಉದ್ದನೆಯ ಕಡ್ಡಿ, ಕಡ್ಡಿಯ ತುದಿಗೆ ಟೊಳ್ಳು ತಾಮ್ರದ ಗುಂಡು. ತೊಟ್ಟಿಯ ನೀರು ಏರಿದಂತೆ ಗುಂಡು ತೇಲಿ ಮೇಲೆ ಬರುತ್ತದೆ, ಕಡ್ಡಿ ಎದ್ದು ನಲ್ಲಿಯ ಬಾಯನ್ನು ಒತ್ತಿ ಮುಚ್ಚುತ್ತದೆ. ನೀರು ಬಳಸಿ ಗುಂಡು ಇಳಿದರೆ ಬಾಯಿ ಬಿಡುತ್ತದೆ.

ಆವಲಪ್ಪನವರು ಗುಂಡನ್ನು ಕೈಯಲ್ಲಿ ತೂಗಿ ನೋಡಿದರು. "ಚೊಂಬಿನಷ್ಟಿಲ್ಲ ಇದು. ಮನುಷ್ಯನ ಕೆಲಸ ಮಾಡ್ತದಾ?"

"ಮಾಡ್ತದೆ ಮಾವ."

ಅವರು ಅದನ್ನು ಜಗಲಿಯ ಮೇಲಿಟ್ಟು ಒಳಗೆ ಹೋದರು. ಆ ವಾರವೆಲ್ಲ ಅವನೊಡನೆ ಮಾತಾಡಲಿಲ್ಲ. ಏನಾದರೂ ಹೇಳಬೇಕಿದ್ದರೆ ಹೆಂಡತಿಗೆ ಹೇಳುತ್ತಿದ್ದರು, ಅವರು ಅಳಿಯನಿಗೆ ಹೇಳುತ್ತಿದ್ದರು.

ಭಾನುವಾರ ನೀರು ಬಂದು ಹೋದ ಮೇಲೆ ಮುನಿಶಾಮಿ ಬಂದ. ಇಬ್ಬರೂ ತೊಟ್ಟಿ ಬರಿದು ಮಾಡಿದರು. ಕೋದಂಡರಾಮಪ್ಪ ಒಳಗಿಳಿದು ತಳದ ಪಾಚಿ ಉಜ್ಜಿದ. ಕೊಳವೆಯ ತುದಿಯನ್ನು ಗರಗಸದಲ್ಲಿ ಕುಯ್ದು, ಮುನಿಶಾಮಿ ಅದಕ್ಕೆ ಹೊಸದಾಗಿ ತಿರುಪಿನ ಮರೆ ಕೊರೆದ. ತೊಟ್ಟಿಯ ಗೋಡೆಗೆ ಉಳಿಯಿಂದ ತೂತು ಹೊಡೆಯುವುದೇ ಅರ್ಧ ದಿನ ಹಿಡಿಯಿತು. ಹಳೆಯ ಗಾರೆ ಕಲ್ಲಿನಂತಾಗಿತ್ತು. ಮರೆಗೆ ಸೆಣಬಿನ ನಾರು ಸುತ್ತಿ, ಬಿಳಿ ಬಣ್ಣದ ಲೇಪ ಹಚ್ಚಿ, ಒಳಗೊಂದು ಹೊರಗೊಂದು ತೊಗಲಿನ ಬಿಲ್ಲೆ ಕೊಟ್ಟು ನಟ್ಟು ಬಿಗಿದರು. ಶ್ಯಾಮಲಮ್ಮ ಕೆಳಗಿನಿಂದ ಗಾರೆಯ ಬಾಣಲಿ ಎತ್ತಿ ಕೊಟ್ಟಳು. ವೆಂಕಟರತ್ನಮ್ಮ ಇಬ್ಬರಿಗೂ ಅಲ್ಲಿಗೇ ಅನ್ನ ಹುಳಿ ಕಳಿಸಿದರು.

ಮಾರನೆಯ ಬೆಳಿಗ್ಗೆ ಅದು ಕೆಲಸ ಮಾಡಲಿಲ್ಲ. ಗುಂಡು ಹೋಗಿ ಗೋಡೆಗೆ ತಾಗಿ ಸಿಕ್ಕಿಕೊಂಡಿತ್ತು. ನೀರು ಉಕ್ಕುವುದಕ್ಕೂ ಕೋದಂಡರಾಮಪ್ಪ ಎಗರಿ ತಿರುಪು ತಿರುಗಿಸುವುದಕ್ಕೂ ಸರಿಹೋಯಿತು. ನಾನು ಹೇಳಲಿಲ್ಲವಾ ಎಂದು ಆವಲಪ್ಪನವರು ಹೆಂಡತಿಗೆ ಹೇಳಿದರು. ಆ ಮುಂಜಾನೆ ಅವರ ಮುಖ ಎಷ್ಟೋ ಹಗುರಾಗಿತ್ತು. ತಿಂಡಿಗೆ ಕೂತಾಗ ಅಳಿಯನ ತಟ್ಟೆಗೆ ಇನ್ನೊಂದು ರೊಟ್ಟಿ ಹಾಕೆಂದು ತಾವೇ ಹೇಳಿದರು.

ಕೋದಂಡರಾಮಪ್ಪ ರೊಟ್ಟಿ ತಿಂದು ಮೇಲೆ ಹತ್ತಿದ. ನಲ್ಲಿಯನ್ನು ಸ್ವಲ್ಪ ತಿರುಚಿ ಗುಂಡನ್ನು ಗೋಡೆಯಿಂದ ಈಚೆಗೆ ತಂದ. ಕಡ್ಡಿಯನ್ನು ಮೊಣಕಾಲಿಗೆ ಕೊಟ್ಟು ಬಗ್ಗಿಸಿ, ನೀರು ಅಂಚಿನಿಂದ ಗೇಣು ಕೆಳಗೇ ನಿಲ್ಲುವಂತೆ ಮಾಡಿದ. ಬಿಂದಿಗೆಗಳಲ್ಲಿ ನೀರು ಹೊತ್ತು ಹಾಕಿ ಗುಂಡು ಸರಾಗವಾಗಿ ಏಳುತ್ತದೆಯೇ ಎಂದು ನೋಡಿದ. ಏಳುತ್ತಿತ್ತು.

ಮರುದಿನ ನೀರಿನ ಸದ್ದಿಗೆ ಅವನಿಗೆ ಎಚ್ಚರವಾಯಿತು. ಏಳಬೇಕಾಗಿರಲಿಲ್ಲ. ಎದ್ದು ಹೋಗಿ ಮೆಟ್ಟಿಲ ಮೇಲೆ ಕೂತ. ಒಲೆ ಹೊತ್ತಿಸಲಿಲ್ಲ. ಮೇಲೆ ನೀರು ಮೊದಲು ತೊಟ್ಟಿಯ ತಳಕ್ಕೆ ಬಡಿಯಿತು, ಆಮೇಲೆ ನೀರಿನ ಮೇಲೆ ನೀರು ಬೀಳುವ ಸದ್ದು, ಆಮೇಲೆ ಅದು ತೆಳ್ಳಗಾಗುತ್ತಾ ಬಂತು. ಸಿಳ್ಳೆಯ ಹಾಗೆ ಸ್ವಲ್ಪ ಹೊತ್ತು ಎಳೆದು ನಿಂತುಹೋಯಿತು. ತಿರುಪಿನ ಮೇಲೆ ಅವನು ಕೈ ಇಟ್ಟುಕೊಂಡಿದ್ದ, ತಿರುಗಿಸುವಂಥದ್ದೇನೂ ಉಳಿದಿರಲಿಲ್ಲ. ಮನೆಯಲ್ಲಿ ಯಾರಿಗೂ ಎಚ್ಚರವಿಲ್ಲ. ಇಷ್ಟು ನಿಶ್ಶಬ್ದ ಆ ಜಾಗದಲ್ಲಿ ಅವನು ಹಿಂದೆ ಕೇಳಿರಲಿಲ್ಲ.

ವೆಂಕಟರತ್ನಮ್ಮ ಗೋಡೆ ಹಿಡಿದುಕೊಂಡು ಬಂದು ಬಾಗಿಲಲ್ಲಿ ನಿಂತರು.

"ಇನ್ಯಾಕಪ್ಪ ಏಳ್ತೀಯ," ಎಂದರು. ಅವರು ಕಷ್ಟಪಟ್ಟು ಮೆಟ್ಟಿಲ ಮೇಲೆ ಕೂತರು. "ನಂಗೆ ಗೊತ್ತಿತ್ತು. ನೀನೂ ಕದಿರೀನೂ ಇಲ್ಲಿ ಕೂತು ಮಾತಾಡೋದು ಒಳಕ್ಕೆ ಕೇಳಿಸ್ತಿತ್ತು. ಎಚ್ಚರ ಆದ್ರೂ ನಾನು ಎದ್ದು ಬರ್ತಿರಲಿಲ್ಲ."

ಕೋದಂಡರಾಮಪ್ಪ ಮೊಣಕಾಲಿಗೆ ಹಣೆ ಹಚ್ಚಿದ. ಅವರು ಅವನ ಬೆನ್ನ ಮೇಲೆ ಕೈ ಇಟ್ಟುಕೊಂಡು ಬೆಳಕು ಹರಿಯುವವರೆಗೂ ಕೂತರು. ಎಲ್ಲಿಗೆ ಹೋಗುತ್ತೀಯೆಂದು ಅವರು ಆಗ ಕೇಳಿದರು. ಟೇಕಲ್ಲಿನಲ್ಲಿ ಹುಣಸೆಹಣ್ಣಿನ ವ್ಯಾಪಾರದ ಮುನಿಕೃಷ್ಣಪ್ಪನವರು ನಂಬಿಕೆಯ ಆಳಿಗೆ ಹುಡುಕುತ್ತಿದ್ದಾರೆ, ರೈಲು ಸ್ಟೇಷನ್ನಿನ ಹತ್ತಿರ ಇರುವುದಕ್ಕೆ ಒಂದು ಕೋಣೆಯೂ ಇದೆ ಎಂದು ಅವನು ಹೇಳಿದ. ಅಡುಗೆ ಯಾರು ಮಾಡುತ್ತಾರೆಂದು ಕೇಳಿದರು. ನಾನೇ ಎಂದ.

ಯುಗಾದಿ ಮುಗಿಸಿಕೊಂಡು ಹೋಗೆಂದು ಅತ್ತೆ ಹೇಳಿದ್ದಕ್ಕೆ ಅದೊಂದು ಹಬ್ಬಕ್ಕೆ ನಿಂತ. ಹೊರಡುವ ದಿನ ಆವಲಪ್ಪನವರು ಬೆಳಿಗ್ಗೆಯೇ ಮಂಡಿಗೆ ಹೋಗಿಬಿಟ್ಟಿದ್ದರು. ಅವನು ಮಂಡಿಯ ಬಾಗಿಲಿಗೆ ಹೋಗಿ ಕಾಲಿಗೆ ನಮಸ್ಕಾರ ಮಾಡಿದ. ಅವರು ತಕ್ಕಡಿಯಿಂದ ಕಣ್ಣು ತೆಗೆಯದೆ ತಲೆಯಾಡಿಸಿದರು. ಶ್ಯಾಮಲಮ್ಮ ಬುತ್ತಿ ಕಟ್ಟಿ ಬೀದಿಯ ತಿರುವಿನವರೆಗೆ ಬಂದಳು. ಅವನು ಚಿಕ್ಕ ರೈಲಿನಲ್ಲಿ ಬೌರಿಂಗ್‌ಪೇಟೆಗೆ ಬಂದು, ಅಲ್ಲಿ ದೊಡ್ಡ ರೈಲು ಹತ್ತಿ ಟೇಕಲ್ಲಿನಲ್ಲಿ ಇಳಿದ.

ಟೇಕಲ್ಲಿನಲ್ಲಿ ಬೆಟ್ಟದ ಕೆಳಗೆ ಸೇದುವ ಬಾವಿ. ಬೇಕಾದಾಗ ಹೋಗಿ ಬೇಕಾದಷ್ಟು ಸೇದಿಕೊಳ್ಳಬಹುದಿತ್ತು. ಅವನು ಹಗಲೆಲ್ಲ ಹುಣಸೆಹಣ್ಣಿನ ಮೂಟೆ ತೂಗಿಸಿ ರೈಲಿಗೆ ಹಾಕಿಸುತ್ತಿದ್ದ. ಸಂಜೆ ಮುದ್ದೆ ತೊಳಸಿ, ಒಂದಕ್ಕೆ ಎರಡಾದರೆ ಮಿಕ್ಕಿದ್ದನ್ನು ಸ್ಟೇಷನ್ನಿನ ಪೋರ್ಟರಿಗೆ ಕೊಡುತ್ತಿದ್ದ. ಮೊದಮೊದಲು ಅಳತೆ ತಪ್ಪಿ ಎರಡಾಗುತ್ತಿತ್ತು. ಬರುಬರುತ್ತ ಒಬ್ಬನಿಗೆ ಎಷ್ಟು ಹಿಟ್ಟು ಬೇಕೆಂದು ಕೈಗೆ ತಿಳಿಯಿತು.

ಸಂಕ್ರಾಂತಿ ಕಳೆದ ವಾರ, ಮಧ್ಯಾಹ್ನದ ರೈಲಿನಿಂದ ಆವಲಪ್ಪನವರು ಇಳಿದರು. ಮೈ ಬಹಳ ಸೊರಗಿತ್ತು. ಕೋದಂಡರಾಮಪ್ಪ ಓಡಿಹೋಗಿ ಕೈಯ ಚೀಲ ಇಸಿದುಕೊಂಡ, ಕೋಣೆಗೆ ಕರೆದು ತಂದು ಚಾಪೆ ಹಾಕಿದ, ಕಾಲಿಗೆ ನೀರು ಕೊಟ್ಟ. ಇದ್ದ ಹುರುಳಿ ಸಾರಿಗೆ ಬಿಸಿ ಮುದ್ದೆ ಮಾಡಿ ಬಡಿಸಿದ. ಅವರು ಏನೂ ಬಿಡದೆ ಉಂಡರು. ಉಣ್ಣುತ್ತ ಮನೆಯ ವರ್ತಮಾನ ಹೇಳಿದರು. ಹಸು ಹೆಣ್ಣು ಕರು ಹಾಕಿದೆ. ಅತ್ತೆಯ ಮಂಡಿ ಹಾಗೇ ಇದೆ. ಶ್ಯಾಮಲಳಿಗೆ ಮುಳಬಾಗಿಲಿನ ಕಡೆಯ ಹುಡುಗ ಗೊತ್ತಾಗಿದ್ದಾನೆ, ಒಳ್ಳೆಯವನು, ಮಂಡಿಗೇ ಬಂದು ಸೇರುತ್ತಾನೆ, ಮಗಳಿಗೂ ಮನಸ್ಸಿದೆ. ಮಾಘದಲ್ಲಿ ಲಗ್ನ. ಹೊಸ ಜೋಡಿಗೆಂದು ಒಳಗಿನ ಕೋಣೆಗೆ ಸುಣ್ಣ ಹೊಡೆಸಿದ್ದಾಯಿತು.

ಒಳಗಿನ ಕೋಣೆ ಎಂದರೆ ಕದಿರಮ್ಮನೂ ಅವನೂ ಇದ್ದದ್ದು. ಹೇಳಿದ ಮೇಲೆ ಆವಲಪ್ಪನವರಿಗೇ ನೆನಪಾಗಿ ಮಾತು ನಿಂತಿತು.

"ಒಳ್ಳೇದಾಯ್ತು ಮಾವ," ಎಂದ ಕೋದಂಡರಾಮಪ್ಪ.

ಕೈ ತೊಳೆದು ಬಂದು ಅವರು ಚೀಲದಿಂದ ಅರಿಶಿನ ಸವರಿದ ಲಗ್ನಪತ್ರಿಕೆ ತೆಗೆದರು. ಪೊಟ್ಟಣ ಬಿಚ್ಚಿ ಅಕ್ಷತೆಯನ್ನು ಅದರ ಮೇಲಿಟ್ಟು, ಊರೂರು ತಿರುಗಿ ಎಲ್ಲರಿಗೂ ಕೊಟ್ಟಂತೆ ಅವನ ಮುಂದೆ ಎರಡೂ ಕೈಯಲ್ಲಿ ಹಿಡಿದರು. ಮನೆಯವರನ್ನು ಮನೆಯ ಮದುವೆಗೆ ಯಾರೂ ಅಕ್ಷತೆ ಕೊಟ್ಟು ಕರೆಯುವುದಿಲ್ಲ. ಇಬ್ಬರಿಗೂ ಅದು ಒಟ್ಟಿಗೇ ತಿಳಿಯಿತು. ಮುದುಕರ ಕೈ ಅಲ್ಲೇ ನಿಂತಿತು. ಹಿಂದಕ್ಕೆ ತೆಗೆದುಕೊಳ್ಳುವಂತೆಯೂ ಇರಲಿಲ್ಲ.

ಕೋದಂಡರಾಮಪ್ಪ ಅಂಗೈ ಜೋಡಿಸಿ ಹಿಡಿದುಕೊಂಡ.

"ಚಪ್ಪರದ ದಿನಕ್ಕೇ ಬರ್ತೀನಿ ಮಾವ. ಗಳ ತರೋದು, ಸೌದೆ ಹೊಡ್ಸೋದು ಎಲ್ಲ ಇರ್ತದೆ."

"ಅದಕ್ಕೆಲ್ಲ ಆಳು ಗೊತ್ತು ಮಾಡಿದ್ದೀನಪ್ಪ," ಎಂದರು ಆವಲಪ್ಪನವರು, ಬಹಳ ಪ್ರೀತಿಯಿಂದಲೇ. "ನಿಂಗ್ಯಾಕೆ ತೊಂದರೆ. ಮುಹೂರ್ತದ ಹೊತ್ತಿಗೆ ಬಾ, ಸಾಕು."

ಸಂಜೆಯ ರೈಲಿಗೆ ಅವರನ್ನು ಹತ್ತಿಸಿದ. ಕಿಟಕಿಯ ಪಕ್ಕ ಜಾಗ ಹಿಡಿದು ಕೂರಿಸಿ, ಕುಡಿಯಲು ಚೊಂಬಿನಲ್ಲಿ ನೀರು ತುಂಬಿಸಿ ಕೊಟ್ಟ. ರೈಲು ಕದಲಿದಾಗ ಅವರು ಕಿಟಕಿಯಿಂದ ಕೈ ಚಾಚಿ ಅವನ ಕೈ ಹಿಡಿದುಕೊಂಡರು. ಅವನು ರೈಲಿನ ಜೊತೆ ನಾಲ್ಕು ಹೆಜ್ಜೆ ನಡೆದು ಬಿಡಿಸಿಕೊಂಡ. ಡಬ್ಬಿಗಳೆಲ್ಲ ದಾಟಿಹೋದವು. ಆಚೆ ಬದಿಯ ಬೆಟ್ಟ ಕಾಣಿಸಿತು.

ಪೋರ್ಟರು ದೀಪ ಹಚ್ಚಲು ಬಂದ. ಬಂದಿದ್ದ ಯಜಮಾನರು ಯಾರು, ತಂದೆಯವರಾ ಎಂದು ಕೇಳಿದ. ಕೋದಂಡರಾಮಪ್ಪ ಅಕ್ಷತೆಯನ್ನು ಟವಲಿನ ಮೂಲೆಗೆ ಹಾಕಿ ಗಂಟು ಕಟ್ಟುತ್ತಿದ್ದ. ಮಾವ ಎನ್ನಲು ಹೋದ. ಹಾಗಂದರೆ ಹೆಂಡತಿ ಎಲ್ಲಿ ಎಂದು ಕೇಳುತ್ತಾನೆ. ಗಂಟನ್ನು ಇನ್ನಷ್ಟು ಬಿಗಿಮಾಡಿದ.

"ಅಲ್ಲಪ್ಪ," ಎಂದ. "ಬೇಕಾದವರು."